ಮೌಸ್ ತಾನಾಗಿ ಓಡಿದಾಗ: ಕರೆಂಟು, ನೀರಿನಂಥ ವ್ಯವಸ್ಥೆಗಳನ್ನು ಸೈಬರ್ ದಾಳಿಯಿಂದ ಕಾಯುವುದು ಹೇಗೆ?

2015ರ ಡಿಸೆಂಬರ್ 23ರ ಮಧ್ಯಾಹ್ನ, ಪಶ್ಚಿಮ ಉಕ್ರೇನ್‌ನ ಒಂದು ವಿದ್ಯುತ್ ವಿತರಣಾ ಕಂಪನಿಯ ಕಂಟ್ರೋಲ್ ರೂಮ್. ಶಿಫ್ಟ್ ಮುಗಿಯುತ್ತಾ ಬಂದಿತ್ತು. ಆಪರೇಟರ್ ಒಬ್ಬರ ಪರದೆಯ ಮೇಲೆ ಮೌಸ್ ತಾನಾಗಿಯೇ ಓಡಾಡಲು ಶುರು ಮಾಡಿತು. ಒಂದು ಸಬ್‌ಸ್ಟೇಷನ್‌ನ ಬ್ರೇಕರ್ (ಕರೆಂಟು ಹರಿಸುವ, ಕಡಿಯುವ ದೊಡ್ಡ ಸ್ವಿಚ್) ಮೇಲೆ ಹೋಗಿ ಕ್ಲಿಕ್ ಆಯಿತು, ಬ್ರೇಕರ್ ತೆರೆದುಕೊಂಡು ಕರೆಂಟು ಕಡಿಯಿತು. ಆಪರೇಟರ್ ಮೌಸ್ ಹಿಡಿದು ಎಳೆದಾಡಿದರೂ ಬಾಣ ಅವರ ಮಾತು ಕೇಳಲಿಲ್ಲ. ಅಷ್ಟರಲ್ಲಿ ಕಂಪ್ಯೂಟರ್ ಅವರನ್ನೇ ಹೊರಗೆ ಹಾಕಿತು. ಮತ್ತೆ ಒಳಗೆ ಹೋಗೋಣ ಅಂದರೆ ಪಾಸ್‌ವರ್ಡ್ ಬದಲಾಗಿತ್ತು. ಅದೇ ಹೊತ್ತಿಗೆ ಇನ್ನೆರಡು ಕಂಪನಿಗಳಲ್ಲೂ ಇದೇ ಕಥೆ. ಒಟ್ಟು ಸುಮಾರು 2,25,000 ಗ್ರಾಹಕರ ಕರೆಂಟು ಹೋಯಿತು.

ಕೆಲವೇ ಗಂಟೆಗಳಲ್ಲಿ ಕರೆಂಟು ವಾಪಸ್ ಬಂತು. ಅದನ್ನು ತಂದದ್ದು ಯಾವ ಆಂಟಿವೈರಸ್ಸೂ ಅಲ್ಲ. ಸಿಬ್ಬಂದಿ ಗಾಡಿ ಹತ್ತಿ ಸಬ್‌ಸ್ಟೇಷನ್‌ಗಳಿಗೆ ಹೋದರು, ಬ್ರೇಕರ್‌ಗಳನ್ನು ಕೈಯಿಂದಲೇ ಹಾಕಿದರು. ಹಾಗೆ ಹಾಕುವುದು ಅವರಿಗೆ ಇನ್ನೂ ಮರೆತಿರಲಿಲ್ಲ.

ಹೀಗಾಗಿ ಈ ಮಾರ್ಗದರ್ಶಿಯ ಹೆಜ್ಜೆಗಳ ಕ್ರಮ ಸ್ವಲ್ಪ ತಿರುಗುಮುರುಗಾಗಿದೆ. ಬಹಳಷ್ಟು ಕಡೆ ಫೈರ್‌ವಾಲ್‌ನಿಂದ (ಜಾಲದ ಒಳಗೆ ಹೊರಗೆ ಏನು ಹೋಗಬಹುದು ಎಂದು ಕಾಯುವ ಸಾಧನ) ಶುರು ಮಾಡಿ, ಕೊನೆಯಲ್ಲಿ "ತುರ್ತು ಯೋಜನೆ" ಎಂದು ಎರಡು ಸಾಲು ಬರೆದು ಮುಗಿಸುತ್ತಾರೆ. ನಾನು ಎಲ್ಲವೂ ಕೈಕೊಟ್ಟ ದಿನದಿಂದ ಶುರು ಮಾಡಿ ಹಿಂದಕ್ಕೆ ಬರುತ್ತೇನೆ. ನೀರು, ವಿದ್ಯುತ್, ಆಸ್ಪತ್ರೆ, ಬಂದರು, ಪೈಪ್‌ಲೈನ್, ಹೀಗೆ ಜನರ ಬದುಕು ನಿಂತಿರುವ ಯಾವುದಾದರೂ ವ್ಯವಸ್ಥೆಯ ಹೊಣೆ ನಿಮ್ಮ ಮೇಲಿದ್ದರೆ ಇದು ನಿಮಗಾಗಿ. ದೊಡ್ಡ ಸಂಸ್ಥೆಗಿಂತ ಸಣ್ಣ ಸಂಸ್ಥೆಗೇ ಜಾಸ್ತಿ ಉಪಯೋಗ.

ಮುಂದೆ ಎರಡು ಪದ ಆಗಾಗ ಬರುತ್ತವೆ. ಇಮೇಲ್, ಬಿಲ್ಲು, ಸಂಬಳ ನೋಡಿಕೊಳ್ಳುವ ಕಂಪ್ಯೂಟರ್‌ಗಳು ಐಟಿ. ಪಂಪು, ವಾಲ್ವ್, ಬ್ರೇಕರ್ ನಡೆಸುವ ಪಿಎಲ್‌ಸಿ (ಯಂತ್ರಕ್ಕೆ ನೇರವಾಗಿ ಆದೇಶ ಕೊಡುವ ಚಿಕ್ಕ ಕಂಪ್ಯೂಟರ್), ಸ್ಕಾಡಾ (ಅವನ್ನೆಲ್ಲ ಕಂಟ್ರೋಲ್ ರೂಮಿನ ಪರದೆಯಿಂದ ನೋಡಿ ನಡೆಸುವ ವ್ಯವಸ್ಥೆ) ಇತ್ಯಾದಿ ಓಟಿ. ಐಟಿಯಲ್ಲಿ ಕಳ್ಳತನ ಆಗಬಾರದು ಎಂಬುದು ಮೊದಲ ಚಿಂತೆ. ಓಟಿಯಲ್ಲಿ ಯಂತ್ರ ನಿಲ್ಲಬಾರದು, ಜನ ಸಾಯಬಾರದು ಎಂಬುದು ಮೊದಲ ಚಿಂತೆ. ಇಬ್ಬರೂ ಒಂದೇ ಮೇಜಿಗೆ ಬಂದಾಗ ಜಗಳ ಆಗುವುದು ಇದಕ್ಕೇ.

ಹೆಜ್ಜೆ 1: ಆಗಲೇಬಾರದ್ದು ಏನು ಎಂದು ಬರೆಯಿರಿ

ಒಂದೇ ಒಂದು ಹಾಳೆ ಸಾಕು. "ನಮ್ಮಲ್ಲಿ ಏನಾದರೆ ಜನರಿಗೆ ಅಪಾಯ? ಏನಾದರೆ ತಿಂಗಳುಗಟ್ಟಲೆ ರಿಪೇರಿ ಆಗದು?" ಈ ಎರಡು ಪ್ರಶ್ನೆಗೆ ಮೂರ್ನಾಲ್ಕು ಉತ್ತರ ಬರೆಯಿರಿ. ಬರೆಯುವಾಗ ಐಟಿಯವರ ಜೊತೆ ಹಳೆಯ ಆಪರೇಟರ್ ಒಬ್ಬರು ಕೂರಲೇಬೇಕು. ಕುಡಿಯುವ ನೀರಿಗೆ ರಾಸಾಯನಿಕ ಹೆಚ್ಚು ಬೀಳುವುದು, ದೊಡ್ಡ ಟ್ರಾನ್ಸ್‌ಫಾರ್ಮರ್ ಸುಡುವುದು, ಬಾಯ್ಲರ್ ಒತ್ತಡ ಮೀರುವುದು: ಇಂಥವು ಅವರ ಬಾಯಲ್ಲೇ ಮೊದಲು ಬರುತ್ತವೆ.

ಇದು ಬರೀ ಕಲ್ಪನೆಯಲ್ಲ. 2007ರಲ್ಲಿ ಅಮೆರಿಕದ ಇಡಾಹೊ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಒಂದು ಪರೀಕ್ಷೆ ಮಾಡಿದರು. 2.25 ಮೆಗಾವಾಟ್‌ನ ಡೀಸೆಲ್ ಜನರೇಟರ್. ಅದರ ಬ್ರೇಕರನ್ನು ತಪ್ಪಾದ ಕ್ಷಣದಲ್ಲಿ ತೆರೆದು ಮುಚ್ಚುವ ಆದೇಶಗಳನ್ನು ಮಾತ್ರ ಕಳಿಸಿದರು. ಭಾರೀ ಯಂತ್ರ ಗಡಗಡ ಅಲುಗಿತು, ಹೊಗೆ ಉಗುಳಿತು, ಕೆಲಸಕ್ಕೆ ಬಾರದಂತೆ ಹಾಳಾಯಿತು.

ಹಾಳೆಯಲ್ಲಿ ಬರೆದ ಪ್ರತಿ ಸಾಲಿನ ಮುಂದೆ ಇನ್ನೊಂದು ಪ್ರಶ್ನೆ ಹಾಕಿ: ಸಾಫ್ಟ್‌ವೇರ್ ಏನೇ ಹೇಳಿದರೂ ಇದು ಆಗದಂತೆ ತಡೆಯುವ ಕಬ್ಬಿಣದ ವಸ್ತು ಏನಾದರೂ ಇದೆಯಾ? ಒತ್ತಡ ಹೆಚ್ಚಾದರೆ ತಾನಾಗಿ ತೆರೆಯುವ ರಿಲೀಫ್ ವಾಲ್ವ್‌ಗೆ ಹ್ಯಾಕರ್ ಯಾರೆಂದು ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ರಾಸಾಯನಿಕ ಸೇರಿಸುವ ಪಂಪ್ ಪೂರ್ತಿ ವೇಗದಲ್ಲಿ ಓಡಿದರೂ ಅಪಾಯದ ಮಟ್ಟ ಮುಟ್ಟದಷ್ಟು ಚಿಕ್ಕ ಪಂಪ್ ಹಾಕಿದರೆ, ಪರದೆಯಲ್ಲಿ ಯಾರು ಯಾವ ಅಂಕಿ ಹೊಡೆದರೂ ಅಷ್ಟೇ. ಇಷ್ಟು ಅಗ್ಗದ ಸೈಬರ್ ರಕ್ಷಣೆ ಬೇರೆ ಇಲ್ಲ. ಅದನ್ನು ಮಾರುವವರು ಯಾರೂ ಇಲ್ಲ, ಹಾಗಾಗಿ ಅದರ ಜಾಹೀರಾತೂ ಇಲ್ಲ.

ಐಟಿಯ ಕಡೆಯದನ್ನೂ ಮರೆಯಬೇಡಿ. 2021ರ ಮೇ 7ರಂದು ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿಯ ಐಟಿ ಮೇಲೆ ರಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಬಿಡಿಸಲು ಹಣ ಕೇಳುವ ಸಾಫ್ಟ್‌ವೇರ್) ದಾಳಿಯಾಯಿತು. ಪೂರ್ವ ಕರಾವಳಿಯ ಇಂಧನದಲ್ಲಿ ಸುಮಾರು 45 ಶೇಕಡಾ ಹರಿಯುವ ಪೈಪ್‌ಲೈನ್ ಅದು. ದಾಳಿಕೋರರು ಪೈಪ್‌ಲೈನ್ ಮುಟ್ಟಲಿಲ್ಲ. ದಾಳಿ ಓಟಿಗೂ ಹರಡೀತು ಎಂದು ಕಂಪನಿಯೇ ಅದನ್ನು ನಿಲ್ಲಿಸಿತು. ಐಟಿ ಹೋದರೆ ಓಟಿಯನ್ನು ಪ್ರತ್ಯೇಕವಾಗಿ ನಡೆಸಲು ಧೈರ್ಯ ಬರುತ್ತದಾ? ಇದಕ್ಕೂ ಹಾಳೆಯಲ್ಲಿ ಉತ್ತರ ಇರಲಿ.

ಹೆಜ್ಜೆ 2: ಕೈಯಿಂದ ನಡೆಸುವುದನ್ನು ಮರೆಯಬೇಡಿ

ಇದರ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

2019ರ ಮಾರ್ಚ್ 19ರಂದು ನಾರ್ವೆಯ ಅಲ್ಯೂಮಿನಿಯಂ ಕಂಪನಿ ನಾರ್ಸ್ಕ್ ಹೈಡ್ರೋ ಮೇಲೆ ರಾನ್ಸಮ್‌ವೇರ್ ದಾಳಿಯಾಯಿತು. ಸುಮಾರು 40 ದೇಶಗಳಲ್ಲಿ 35,000 ನೌಕರರು. ಬಾಗಿಲುಗಳ ಮೇಲೆ "ಕಂಪ್ಯೂಟರ್‌ಗಳನ್ನು ನೆಟ್‌ವರ್ಕ್‌ಗೆ ಸೇರಿಸಬೇಡಿ" ಎಂದು ಕಾಗದ ಅಂಟಿಸಿದರು. ಆರ್ಡರ್‌ಗಳನ್ನು ಕಾಗದದಲ್ಲಿ ನೋಡಿಕೊಂಡು ಕೆಲಸ ನಡೆಸಿದರು. ಕೆಲವು ಕಡೆ ಹಳೆಯ ಪದ್ಧತಿ ಗೊತ್ತಿದ್ದವರು ನಿವೃತ್ತರು ಮಾತ್ರ. ಅವರೇ ವಾಪಸ್ ಬಂದು ಕೈಜೋಡಿಸಿದರು. ಕಂಪನಿ ಒಂದು ಪೈಸೆಯನ್ನೂ ಸುಲಿಗೆಕೋರರಿಗೆ ಕೊಡಲಿಲ್ಲ.

ನಿಮ್ಮಲ್ಲಿ ಆ ನಿವೃತ್ತರು ಯಾರು? ಅವರ ನಂಬರ್ ಯಾರ ಹತ್ತಿರ ಇದೆ? ಇಲ್ಲಿಂದ ಶುರು ಮಾಡಿ. ಅವರನ್ನು ಒಂದು ದಿನ ಕರೆಸಿ, ಕಂಪ್ಯೂಟರ್ ಇಲ್ಲದೆ ಸ್ಥಾವರ ನಡೆಸುವ ಕ್ರಮವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ.

ಆಮೇಲೆ ಪ್ರತಿ ಪಂಪ್, ಪ್ರತಿ ಬ್ರೇಕರ್ ಹತ್ತಿರ ಹೋಗಿ ನೋಡಿ. ಪ್ಯಾನೆಲ್ ಮೇಲೆ ಲೋಕಲ್-ರಿಮೋಟ್ ಸ್ವಿಚ್ ಇದೆಯಾ? ಲೋಕಲ್‌ಗೆ ತಿರುಗಿಸಿದರೆ ನಿಜವಾಗಿಯೂ ಸ್ಕಾಡಾದ ಹಿಡಿತ ತಪ್ಪುತ್ತದಾ, ಅಥವಾ ಆ ಸ್ವಿಚ್ ಕೂಡ ಪಿಎಲ್‌ಸಿಗೇ ಒಂದು ಸಿಗ್ನಲ್ ಕೊಟ್ಟು ಸುಮ್ನೆ ಕೂರುತ್ತದಾ? ಎಷ್ಟೋ ಹೊಸ ಪ್ಯಾನೆಲ್‌ಗಳಲ್ಲಿ ಎರಡನೆಯದೇ ಇರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ವೈರಿಂಗ್ ಡ್ರಾಯಿಂಗ್ ನೋಡದೆ ಗೊತ್ತಾಗುವುದಿಲ್ಲ. ಒತ್ತಡ, ನೀರಿನ ಮಟ್ಟ ತೋರಿಸುವ ಮುಳ್ಳಿನ ಗೇಜ್ ಅಲ್ಲೇ ಇದೆಯಾ? ಪರದೆ ಸುಳ್ಳು ಹೇಳುವಾಗ ಕಣ್ಣಿಗೆ ಕಾಣುವ ಸತ್ಯ ಅದೊಂದೇ. ಇರಾನ್‌ನ ನಟಾಂಜ್ ಅಣು ಕೇಂದ್ರದಲ್ಲಿ ಯುರೇನಿಯಂ ಸಂಸ್ಕರಿಸುವ ಸೆಂಟ್ರಿಫ್ಯೂಜ್ ಯಂತ್ರಗಳನ್ನು ಕೆಡಿಸಿದ, 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಮಾಲ್‌ವೇರ್ (ಕೆಡುಕು ಮಾಡುವ ಸಾಫ್ಟ್‌ವೇರ್) ಮಾಡಿದ್ದು ಇದನ್ನೇ. ಮೊದಲೇ ರೆಕಾರ್ಡ್ ಮಾಡಿಟ್ಟ ಸಹಜ ಅಂಕಿಗಳನ್ನು ಆಪರೇಟರ್‌ಗಳಿಗೆ ತೋರಿಸುತ್ತಾ ಒಳಗೆ ಯಂತ್ರಗಳ ವೇಗ ಏರುಪೇರು ಮಾಡಿತು.

ಡ್ರಾಯಿಂಗ್‌ಗಳು, ವಾಲ್ವ್ ನಕ್ಷೆ, ಸೆಟ್ಟಿಂಗ್‌ಗಳ ಪಟ್ಟಿ ಕಾಗದದಲ್ಲಿ ಇರಲಿ. ಸರ್ವರ್ ಹೋದ ದಿನ ಸರ್ವರ್‌ನಲ್ಲಿರುವ ಕೈಪಿಡಿಯನ್ನು ಓದಲು ಆಗುವುದಿಲ್ಲ ಅಲ್ವಾ?

ಕೊನೆಗೆ ಡ್ರಿಲ್. ಬೇಡಿಕೆ ಕಡಿಮೆ ಇರುವ ಒಂದು ದಿನ, ಮೊದಲೇ ತಿಳಿಸಿ, ಒಂದೇ ಘಟಕವನ್ನು ಕೆಲವು ಗಂಟೆ ಕೈಯಿಂದ ನಡೆಸಿ. ಎಷ್ಟು ಜನ ಬೇಕಾದರು, ಯಾವ ಬೀಗದ ಕೀ ಸಿಗಲಿಲ್ಲ, ಯಾವ ವಾಲ್ವ್ ತುಕ್ಕು ಹಿಡಿದು ತಿರುಗಲಿಲ್ಲ ಎಂದು ಲಾಗ್ ಬುಕ್‌ನಲ್ಲಿ ಬರೆಯಿರಿ. ರಾತ್ರಿ ಶಿಫ್ಟ್‌ನವರೂ ಮಾಡಲಿ. ದಾಳಿಗಳು ರಜೆ, ರಾತ್ರಿ, ವಾರಾಂತ್ಯ ನೋಡಿಕೊಂಡೇ ಬರುವುದು ಹೆಚ್ಚು.

ಹೆಜ್ಜೆ 3: ನಿಮ್ಮಲ್ಲಿ ಏನಿದೆ ಎಂದು ನಡೆದು ನೋಡಿ

ಪಟ್ಟಿ ಮಾಡುವ ಸಾಫ್ಟ್‌ವೇರ್‌ಗಳು ಬೇಕಾದಷ್ಟಿವೆ. ಮೊದಲ ಸಲ ಅವು ಬೇಡ. ಪೆನ್ನು ಪುಸ್ತಕ ಹಿಡಿದು ಪ್ರತಿ ಕ್ಯಾಬಿನೆಟ್ ತೆರೆಸಿ. ಹಳೆಯ ಪಿಎಲ್‌ಸಿಗೆ ನೆಟ್‌ವರ್ಕ್ ಸ್ಕ್ಯಾನರ್ ಬಿಟ್ಟರೆ ಅದು ಅಲ್ಲೇ ಹ್ಯಾಂಗ್ ಆಗಿ ನಿಲ್ಲಬಹುದು, ಹಾಗಾಗಿ ಆ ಸಾಹಸಕ್ಕೂ ಹೋಗಬೇಡಿ. ನಡೆದು ನೋಡಿದರೆ ಯಾವ ದಾಖಲೆಯಲ್ಲೂ ಇಲ್ಲದ ವಸ್ತುಗಳು ಸಿಗುತ್ತವೆ: ಕಂಟ್ರಾಕ್ಟರ್ ಬಿಟ್ಟುಹೋದ ಸಿಮ್ ಹಾಕಿದ ಮೋಡೆಮ್, ಯಾರದೋ ವೈಫೈ ರೌಟರ್, ಪ್ಯಾನೆಲ್ ಒಳಗೆ ಸದಾ ಸಿಕ್ಕಿಸಿಯೇ ಇರುವ ಪೆನ್‌ಡ್ರೈವ್.

ಪ್ರತಿ ಸಾಧನಕ್ಕೂ ತಯಾರಕರು, ಮಾಡೆಲ್, ಸಾಫ್ಟ್‌ವೇರ್ ಆವೃತ್ತಿ, ಯಾವುದಕ್ಕೆ ಜೋಡಿಸಿದೆ, ಯಾರು ನೋಡಿಕೊಳ್ಳುತ್ತಾರೆ ಎಂದು ಬರೆಯಿರಿ. ಪಾಸ್‌ವರ್ಡ್ ಬದಲಾಗಿದೆಯಾ ಎಂಬುದಕ್ಕೆ ಪ್ರತ್ಯೇಕ ಕಾಲಂ ಇರಲಿ. 2023ರ ನವೆಂಬರ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಅಲಿಕ್ವಿಪ್ಪ ಎಂಬ ಸಣ್ಣ ಊರಿನ ನೀರು ಸರಬರಾಜಿನ ಪಂಪಿಂಗ್ ಕೇಂದ್ರದಲ್ಲಿ ಪಿಎಲ್‌ಸಿಯೊಂದು ಹ್ಯಾಕ್ ಆಯಿತು. ಆ ಬಗೆಯ ಸಾಧನಗಳ ಮೇಲೆ ನಡೆದ ದಾಳಿಗಳ ಬಗ್ಗೆ ಅಲ್ಲಿನ ಸರ್ಕಾರ ಎಚ್ಚರಿಕೆ ಕೊಟ್ಟಾಗ ಗೊತ್ತಾದದ್ದು ಇಷ್ಟು: ಸಾಧನಗಳು ನೇರವಾಗಿ ಇಂಟರ್ನೆಟ್‌ಗೆ ತೆರೆದುಕೊಂಡಿದ್ದವು, ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ 1111. ಅಲಿಕ್ವಿಪ್ಪದವರು ಪಂಪನ್ನು ಮ್ಯಾನುವಲ್‌ಗೆ ಹಾಕಿ ನೀರು ನಿಲ್ಲದಂತೆ ನೋಡಿಕೊಂಡರು.

ಇಂಟರ್ನೆಟ್‌ಗೆ ತೆರೆದಿರುವ ಸಾಧನಗಳನ್ನು ಹುಡುಕಿಕೊಡುವ ಶೋಡಾನ್ ಎಂಬ ಸರ್ಚ್ ಎಂಜಿನ್ ಇದೆ. ನಿಮ್ಮ ಸಂಸ್ಥೆಯ ಐಪಿ ವಿಳಾಸಗಳನ್ನು ಅದರಲ್ಲಿ ನೀವೇ ಹುಡುಕಿ. ಬೇರೆಯವರು ಆಗಲೇ ಹುಡುಕಿರುತ್ತಾರೆ.

ಹೆಜ್ಜೆ 4: ದೂರದಿಂದ ಒಳಬರುವ ದಾರಿ ಮುಚ್ಚಿ

ಕಲೋನಿಯಲ್ ಕಂಪನಿಗೆ ದಾಳಿಕೋರರು ನುಗ್ಗಿದ್ದು ಒಂದು ಹಳೆಯ ವಿಪಿಎನ್ (ದೂರದಿಂದ ಕಂಪನಿಯ ಜಾಲದೊಳಗೆ ಬರುವ ದಾರಿ) ಖಾತೆಯಿಂದ. ಅದು ಬಳಕೆಯಲ್ಲೇ ಇರಬೇಕಾಗಿರಲಿಲ್ಲ. ಪಾಸ್‌ವರ್ಡ್ ಒಂದೇ ಸಾಕಿತ್ತು, ಎರಡನೇ ಹಂತದ ಪರಿಶೀಲನೆ ಇರಲಿಲ್ಲ. ಉಕ್ರೇನ್‌ನಲ್ಲೂ ಕದ್ದ ಪಾಸ್‌ವರ್ಡ್, ವಿಪಿಎನ್, ಎರಡನೇ ಹಂತ ಇಲ್ಲ. ಆರು ವರ್ಷದ ಅಂತರದಲ್ಲಿ ಎರಡು ದೇಶಗಳಲ್ಲಿ ಒಂದೇ ಬಾಗಿಲು. ಈ ವರ್ಷ ಒಂದೇ ಒಂದು ಕೆಲಸಕ್ಕೆ ಹಣ ಇದೆ ಅಂದರೆ, ಹೊರಗಿನಿಂದ ಬರುವ ಪ್ರತಿ ಲಾಗಿನ್‌ಗೂ ಎರಡನೇ ಹಂತ ಹಾಕಿಸಿ. ಎಸ್‌ಎಂಎಸ್‌ಗಿಂತ ಕೈಯಲ್ಲಿ ಹಿಡಿಯುವ ಸೆಕ್ಯುರಿಟಿ ಕೀ ಒಳ್ಳೆಯದು.

ಯಂತ್ರ ಕೊಟ್ಟ ಕಂಪನಿಯವರಿಗೆ ದೂರದಿಂದ ರಿಪೇರಿ ಮಾಡಲು ದಾರಿ ಬೇಕೇ ಬೇಕು. ಆದರೆ ಅದು 24 ಗಂಟೆ ತೆರೆದಿರುವ ದಾರಿಯಾಗಬಾರದು. ಅವರು ಫೋನ್ ಮಾಡಬೇಕು, ನಿಮ್ಮ ಶಿಫ್ಟ್ ಎಂಜಿನಿಯರ್ ಸ್ವಿಚ್ ಹಾಕಬೇಕು, ಕೆಲಸ ಮುಗಿದ ಮೇಲೆ ತೆಗೆಯಬೇಕು. ಬರುವವರೆಲ್ಲ ಮಧ್ಯದ ಒಂದೇ ಕಂಪ್ಯೂಟರ್ ಮೂಲಕ ಬರಲಿ. ಅಲ್ಲಿ ಅವರು ಮಾಡಿದ್ದೆಲ್ಲ ರೆಕಾರ್ಡ್ ಆಗಲಿ. ಐದು ಜನ ಸೇರಿ ಬಳಸುವ ಒಂದೇ ಖಾತೆ ಬೇಡ. ಏನಾದರೂ ಆದಾಗ ಯಾರು ಮಾಡಿದರು ಎಂದು ಹೇಳುವವರೇ ಇರುವುದಿಲ್ಲ.

ಕೆಲಸ ಬಿಟ್ಟುಹೋದವರ ವಿಷಯ ಇನ್ನೂ ಸೂಕ್ಷ್ಮ. 2000ನೇ ಇಸವಿಯಲ್ಲಿ ಆಸ್ಟ್ರೇಲಿಯಾದ ಮರೂಚಿ ಶೈರ್‌ನಲ್ಲಿ ಒಳಚರಂಡಿ ಪಂಪುಗಳು ಸುಮ್ಮಸುಮ್ಮನೆ ನಿಲ್ಲತೊಡಗಿದವು. ಯಾರಿಗೂ ಕಾರಣ ತಿಳಿಯಲಿಲ್ಲ. ಕೊನೆಗೆ ಸಿಕ್ಕಿಬಿದ್ದವನು ಆ ವ್ಯವಸ್ಥೆಯನ್ನು ಅಳವಡಿಸಿದ ಕಂಪನಿಯಲ್ಲಿ ಮೊದಲು ಕೆಲಸ ಮಾಡಿದ್ದವನು. ಪಂಚಾಯಿತಿಯಂಥ ಅಲ್ಲಿನ ಆಡಳಿತ ಅವನಿಗೆ ಕೆಲಸ ಕೊಡಲು ಒಪ್ಪಿರಲಿಲ್ಲ. ಕಾರಿನಲ್ಲಿ ಲ್ಯಾಪ್‌ಟಾಪ್, ರೇಡಿಯೋ ಇಟ್ಟುಕೊಂಡು ಓಡಾಡುತ್ತಾ ಪಂಪುಗಳಿಗೆ ಆದೇಶ ಕೊಡುತ್ತಿದ್ದ. ಸುಮಾರು 8,00,000 ಲೀಟರ್ ಕೊಳಚೆ ನೀರು ಪಾರ್ಕು, ಹೊಳೆಗಳಿಗೆ ಹರಿಯಿತು. ಕೆಲಸ ಬಿಟ್ಟವರ ಖಾತೆಯನ್ನು ಅದೇ ದಿನ ಮುಚ್ಚುವ ಹೊಣೆಯನ್ನು ಒಬ್ಬ ವ್ಯಕ್ತಿಗೆ ಹೆಸರು ಹಿಡಿದು ಕೊಡಿ. ಕಂಟ್ರಾಕ್ಟರ್‌ಗಳ ನೌಕರರೂ ಈ ಪಟ್ಟಿಯಲ್ಲಿ ಬರಲಿ.

ಹೆಜ್ಜೆ 5: ಜಾಲವನ್ನು ಭಾಗ ಮಾಡಿ

ಕಾರ್ಖಾನೆಯ ಯಂತ್ರಗಳು ಮಾತಾಡುವ ಮೋಡ್‌ಬಸ್ ಭಾಷೆ ಹುಟ್ಟಿದ್ದು 1979ರಲ್ಲಿ. "ಆದೇಶ ಕೊಡುತ್ತಿರುವ ನೀನು ಯಾರು?" ಎಂದು ಅದು ಕೇಳುವುದಿಲ್ಲ. ಆ ತಂತಿಗೆ ಸೇರಿಕೊಂಡ ಯಾರು "ವಾಲ್ವ್ ತೆರೆ" ಅಂದರೂ ತೆರೆಯುತ್ತದೆ. ಹಾಗಾಗಿ ಆ ತಂತಿಯ ಹತ್ತಿರ ಯಾರು ಬರಬಹುದು ಎಂಬುದರಲ್ಲೇ ರಕ್ಷಣೆ ಇದೆ.

ಐಟಿ ಮತ್ತು ಓಟಿ ನಡುವೆ ಫೈರ್‌ವಾಲ್ ಹಾಕಿ, ಮಧ್ಯೆ ಒಂದು ಜಗಲಿಯಂಥ ವಲಯ ಮಾಡಿ. ಎರಡೂ ಕಡೆಯವರು ಅಲ್ಲಿಯವರೆಗೆ ಬರಲಿ, ದಾಟಿ ಹೋಗಬಾರದು. ಫೈರ್‌ವಾಲ್‌ನಲ್ಲಿ "ಎಲ್ಲಾ ಬಿಡು, ಕೆಲವು ತಡೆ" ಎಂಬ ನಿಯಮ ಇದ್ದರೆ ತಿರುಗಿಸಿ: ಎಲ್ಲಾ ತಡೆ, ಬೇಕಾದ್ದು ಮಾತ್ರ ಬಿಡು. ಕಚೇರಿಯವರಿಗೆ ಅಂಕಿಅಂಶ ನೋಡಲಷ್ಟೇ ಬೇಕಿದ್ದರೆ ಡೇಟಾ ಡಯೋಡ್ ಇದೆ. ಅದರಲ್ಲಿ ಮಾಹಿತಿ ಹೊರಗೆ ಹೋಗುತ್ತದೆ, ಒಳಗೆ ಬರುವ ದಾರಿಯೇ ಇರುವುದಿಲ್ಲ. ದುಬಾರಿ. ಆದರೆ ಹಾಳೆಯಲ್ಲಿ ಬರೆದ ಅತಿ ಅಪಾಯದ ಘಟಕಕ್ಕೆ ತಕ್ಕದ್ದು.

"ನಮ್ಮ ಓಟಿ ಇಂಟರ್ನೆಟ್‌ಗೆ ಸೇರಿಲ್ಲ, ನಮಗೇನೂ ಆಗುವುದಿಲ್ಲ" ಎನ್ನುವವರು ಇದ್ದೇ ಇರುತ್ತಾರೆ. ನಟಾಂಜ್ ಕೂಡ ಸೇರಿರಲಿಲ್ಲ. ಪೆನ್‌ಡ್ರೈವ್, ಸರ್ವಿಸ್ ಎಂಜಿನಿಯರ್‌ನ ಲ್ಯಾಪ್‌ಟಾಪ್ ಎರಡಕ್ಕೂ ಒಳಬರುವ ಮುಂಚೆ ತಪಾಸಣೆ ಆಗಬೇಕು. ಓಟಿಗೆ ಮಾತ್ರ ಬಳಸುವ ಒಂದು ಲ್ಯಾಪ್‌ಟಾಪ್ ಕೊಂಡಿಡಿ. ಅದರಲ್ಲಿ ಇಮೇಲ್ ತೆರೆಯಬಾರದು, ಅಷ್ಟೇ ನಿಯಮ.

ಇನ್ನೊಂದು ಚಿಕ್ಕ ವಿಷಯ, ಕಣ್ಣಿಗೆ ಕಾಣುವಂಥದ್ದು. 2017ರಲ್ಲಿ ಸೌದಿ ಅರೇಬಿಯಾದ ಒಂದು ಪೆಟ್ರೋಕೆಮಿಕಲ್ ಸ್ಥಾವರದ ಸುರಕ್ಷತಾ ಕಂಟ್ರೋಲರ್‌ಗಳಿಗೇ ಟ್ರೈಟನ್ ಎಂಬ ಮಾಲ್‌ವೇರ್ ಹೊಕ್ಕಿತು. ಅನಾಹುತ ಆಗುವ ಮುಂಚೆ ಸ್ಥಾವರವನ್ನು ನಿಲ್ಲಿಸಬೇಕಾದ ಕೊನೆಯ ಕಾವಲುಗಾರ ಅವು. ಅವುಗಳ ಮುಖದ ಮೇಲೆ ನಿಜವಾದ ಒಂದು ಕೀ ಇರುತ್ತದೆ. 'ರನ್' ಕಡೆಗೆ ತಿರುಗಿಸಿದರೆ ಒಳಗಿನ ಪ್ರೋಗ್ರಾಂ ಬದಲಿಸಲು ಆಗದು. ಅಲ್ಲಿ ಅದು 'ಪ್ರೋಗ್ರಾಂ' ಕಡೆಗೇ ಇತ್ತು. ದಾಳಿಕೋರರ ಕೋಡ್‌ನಲ್ಲಿದ್ದ ದೋಷದಿಂದ ಸ್ಥಾವರ ತಾನಾಗಿ ನಿಂತು ವಿಷಯ ಹೊರಬಂತು. ನಾಳೆ ನಿಮ್ಮ ಸುತ್ತಾಟದಲ್ಲಿ ಪ್ರತಿ ಕೀ ಎಲ್ಲಿದೆ ನೋಡಿ. 'ರನ್'ಗೆ ತಿರುಗಿಸಿ, ಕೀ ಕಿತ್ತು ಶಿಫ್ಟ್ ಇನ್‌ಚಾರ್ಜ್ ಕೈಗೆ ಕೊಡಿ. ಖರ್ಚು ಸೊನ್ನೆ.

ಹೆಜ್ಜೆ 6: ಪ್ಯಾಚ್ ಯಾರ ಕೆಲಸ?

ಡೆನ್ಮಾರ್ಕ್‌ನಲ್ಲಿ 2023ರ ಮೇ ತಿಂಗಳಲ್ಲಿ 22 ಇಂಧನ ಕಂಪನಿಗಳ ಮೇಲೆ ದಾಳಿಯಾಯಿತು. ದಾರಿ, ಜೈಕ್ಸೆಲ್ ಫೈರ್‌ವಾಲ್‌ನ ಒಂದು ದೋಷ. ಅದನ್ನು ಸರಿಪಡಿಸುವ ಸಾಫ್ಟ್‌ವೇರ್ ತುಣುಕು, ಅಂದರೆ ಪ್ಯಾಚ್, ಏಪ್ರಿಲ್ 25ಕ್ಕೇ ಬಂದಿತ್ತು. ಕೆಲವರು ಹೊಸ ಫೈರ್‌ವಾಲ್ ಅಂದಮೇಲೆ ಹೊಸ ಸಾಫ್ಟ್‌ವೇರೇ ಇರುತ್ತದೆ ಅಂದುಕೊಂಡಿದ್ದರು. ಕೆಲವರು ಪೂರೈಕೆದಾರರು ಹಾಕುತ್ತಾರೆ ಅಂದುಕೊಂಡಿದ್ದರು. ಪೂರೈಕೆದಾರರು ಅದಕ್ಕೆ ಶುಲ್ಕ ಕೇಳುತ್ತಾರೆಂದು ಬೇಡ ಎಂದವರೂ ಇದ್ದರು. ಅಂಥ ಸಾಧನ ತಮ್ಮಲ್ಲಿದೆ ಎಂದೇ ಕೆಲವರಿಗೆ ಗೊತ್ತಿರಲಿಲ್ಲ.

ಓಟಿಯಲ್ಲಿ ಎಲ್ಲಕ್ಕೂ ಪ್ಯಾಚ್ ಹಾಕಲು ಆಗುವುದಿಲ್ಲ. ವರ್ಷಕ್ಕೊಮ್ಮೆ ನಿಲ್ಲುವ ಯಂತ್ರಕ್ಕೆ ಪ್ರತಿ ತಿಂಗಳು ಪ್ಯಾಚ್ ಹಾಕಿ ಎಂದು ಹೇಳುವವರು ಯಂತ್ರ ನೋಡಿಲ್ಲ. ಇಂಟರ್ನೆಟ್‌ಗೆ ಮುಖ ಮಾಡಿರುವ ಫೈರ್‌ವಾಲ್, ವಿಪಿಎನ್ ಸಾಧನಗಳಿಗೆ ಮಾತ್ರ ದಿನಗಳ ಲೆಕ್ಕದಲ್ಲಿ ಹಾಕಲೇಬೇಕು. ಒಳಗಿನ ಪಿಎಲ್‌ಸಿಗಳದ್ದು ನಿಗದಿತ ರಿಪೇರಿಯ ದಿನಕ್ಕೆ ಇರಲಿ. ಒಪ್ಪಂದ ಬರೆಯುವಾಗಲೇ ಪ್ಯಾಚ್ ಯಾರು, ಎಷ್ಟು ದಿನದಲ್ಲಿ, ಯಾರ ಖರ್ಚಿನಲ್ಲಿ ಎಂದು ಒಂದು ಸಾಲು ಸೇರಿಸಿ.

ಹೆಜ್ಜೆ 7: ಬ್ಯಾಕಪ್, ಅದೂ ಕಿತ್ತಿಟ್ಟ ಬ್ಯಾಕಪ್

2017ರ ಜೂನ್ 27ರಂದು ಉಕ್ರೇನ್‌ನ ಒಂದು ಲೆಕ್ಕಪತ್ರ ಸಾಫ್ಟ್‌ವೇರ್‌ನ ಅಪ್‌ಡೇಟ್ ಮೂಲಕ ನಾಟ್‌ಪೆಟ್ಯಾ ಎಂಬ ಮಾಲ್‌ವೇರ್ ಹರಡಿತು. ಹಡಗು ಕಂಪನಿ ಮೇರ್ಸ್ಕ್ ಹತ್ತೇ ದಿನದಲ್ಲಿ 4,000 ಸರ್ವರ್, 45,000 ಕಂಪ್ಯೂಟರ್ ಹೊಸದಾಗಿ ಕಟ್ಟಬೇಕಾಯಿತು. ಯಾರಿಗೆ ಯಾವ ಪ್ರವೇಶ ಎಂದು ನಿರ್ಧರಿಸುವ ಡೊಮೇನ್ ಕಂಟ್ರೋಲರ್‌ಗಳು ಒಂದರ ನಕಲು ಇನ್ನೊಂದು ಇಟ್ಟುಕೊಂಡಿದ್ದವು. ಎಲ್ಲವೂ ಒಟ್ಟಿಗೇ ಅಳಿಸಿಹೋದವು. ಘಾನಾದ ಕಚೇರಿಯದ್ದು ಒಂದು ಮಾತ್ರ ಉಳಿಯಿತು, ಆ ಹೊತ್ತಿಗೆ ಅಲ್ಲಿ ಕರೆಂಟು ಹೋಗಿತ್ತು ಎಂಬ ಕಾರಣಕ್ಕೆ.

ಅದೃಷ್ಟಕ್ಕೆ ಕಾಯುವ ಬದಲು ಒಂದು ಪ್ರತಿಯನ್ನು ನೀವೇ ಆಫ್ ಮಾಡಿ ಕಪಾಟಿನಲ್ಲಿಡಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ ಎಂಬ ಹಳೆಯ ಲೆಕ್ಕ ಸಾಕು. ಒಂದಂತೂ ಯಾವ ತಂತಿಗೂ ಸೇರಿರಬಾರದು. ಎಲ್ಲರೂ ಬಿಡುವುದು ಒಂದನ್ನು: ಪಿಎಲ್‌ಸಿಯ ಪ್ರೋಗ್ರಾಂ, ರಿಲೇ ಸೆಟ್ಟಿಂಗ್, ಫೈರ್‌ವಾಲ್ ಕಾನ್ಫಿಗರೇಶನ್, ಜೊತೆಗೆ ಅವನ್ನು ಹಾಕಲು ಬೇಕಾದ ಸಾಫ್ಟ್‌ವೇರ್ ಮತ್ತು ಲೈಸೆನ್ಸ್. ಉಕ್ರೇನ್‌ನಲ್ಲಿ ಸಬ್‌ಸ್ಟೇಷನ್‌ನ ಸಂಪರ್ಕ ಸಾಧನಗಳ ಫರ್ಮ್‌ವೇರನ್ನೇ (ಸಾಧನದ ಒಳಗೇ ಕೂತು ಅದನ್ನು ನಡೆಸುವ ಸಾಫ್ಟ್‌ವೇರ್) ಅಳಿಸಿದ್ದರಿಂದ ತಿಂಗಳುಗಳ ಬಳಿಕವೂ ದೂರದಿಂದ ನಡೆಸಲು ಆಗಲಿಲ್ಲ. ಅಂಥ ಒಂದೆರಡು ಸಾಧನಗಳನ್ನು ಬಿಡಿಭಾಗವಾಗಿ ಇಟ್ಟುಕೊಳ್ಳಿ. ವರ್ಷಕ್ಕೆ ಒಮ್ಮೆಯಾದರೂ ಖಾಲಿ ಯಂತ್ರದ ಮೇಲೆ ಬ್ಯಾಕಪ್ ಹಾಕಿ ಎದ್ದು ನಿಲ್ಲುತ್ತದಾ ನೋಡಿ.

ಹೆಜ್ಜೆ 8: ಕಣ್ಣಿಡುವುದು

ಐರ್ಲೆಂಡ್‌ನ ಆರೋಗ್ಯ ಸೇವೆಯಲ್ಲಿ ಒಬ್ಬ ನೌಕರರು ದುರುದ್ದೇಶದ ಎಕ್ಸೆಲ್ ಫೈಲ್ ತೆರೆದದ್ದು 2021ರ ಮಾರ್ಚ್ 18ರಂದು. ರಾನ್ಸಮ್‌ವೇರ್ ಸಿಡಿದದ್ದು ಮೇ 14ಕ್ಕೆ. ನಡುವಿನ ಎಂಟು ವಾರ ದಾಳಿಕೋರರು ಒಳಗೇ ಇದ್ದರು. ಮಾರ್ಚ್ 31ರಂದೇ ಆಂಟಿವೈರಸ್ ಅವರನ್ನು ಕಂಡಿತ್ತು. ಆದರೆ ಅದನ್ನು "ನೋಡು, ತಡೆಯಬೇಡ" ಎಂಬ ಸ್ಥಿತಿಯಲ್ಲಿ ಇಡಲಾಗಿತ್ತು. ಅಮೆರಿಕ 2024ರಲ್ಲಿ ಎಚ್ಚರಿಸಿದ ವೋಲ್ಟ್ ಟೈಫೂನ್ ಎಂಬ ಹ್ಯಾಕರ್ ತಂಡ ಕೆಲವು ಸಂಸ್ಥೆಗಳ ಒಳಗೆ ಕನಿಷ್ಠ ಐದು ವರ್ಷ ಇತ್ತು. ಅವರು ಮಾಲ್‌ವೇರ್ ಬಳಸುವುದೇ ಕಡಿಮೆ. ನಿಮ್ಮ ಅಡ್ಮಿನ್ ಬಳಸುವ ಸಾಧನಗಳನ್ನೇ ಬಳಸುತ್ತಾರೆ.

ಹಾಗಾಗಿ "ವೈರಸ್ ಇದೆಯಾ?" ಎಂಬ ಪ್ರಶ್ನೆ ಸಾಲದು. "ಈ ಖಾತೆ ಈ ಹೊತ್ತಿನಲ್ಲಿ ಇಲ್ಲಿ ಏನು ಮಾಡುತ್ತಿದೆ?" ಎಂದು ಕೇಳಿ. ಓಟಿಯಲ್ಲಿ ಇದು ಐಟಿಗಿಂತ ಸುಲಭ. ಅಲ್ಲಿನ ಯಂತ್ರಗಳು ದಿನವೂ ಅದೇ ಜನರ ಜೊತೆ ಅದೇ ಮಾತು ಆಡುತ್ತವೆ. ಹೊಸ ಮುಖ ಬಂದರೆ ಎದ್ದು ಕಾಣುತ್ತದೆ. ರಾತ್ರಿ ಎರಡು ಗಂಟೆಗೆ ವಿಪಿಎನ್ ಲಾಗಿನ್, ಕೆಲಸದ ಆದೇಶ ಇಲ್ಲದೆ ಪಿಎಲ್‌ಸಿಗೆ ಹೊಸ ಪ್ರೋಗ್ರಾಂ, ಹೊಸ ಅಡ್ಮಿನ್ ಖಾತೆ: ಈ ಮೂರಕ್ಕೆ ಎಚ್ಚರಿಕೆ ಗಂಟೆ ಬಾರಿಸುವ ಏರ್ಪಾಡು ಮೊದಲು ಮಾಡಿ. ಗಂಟೆ ಬಾರಿಸಿದರೆ ಯಾರ ಫೋನ್ ರಿಂಗ್ ಆಗಬೇಕು ಎಂದೂ ನಿರ್ಧರಿಸಿ. ಲಾಗ್‌ಗಳನ್ನು (ಯಾರು ಯಾವಾಗ ಏನು ಮಾಡಿದರು ಎಂದು ಕಂಪ್ಯೂಟರ್ ಬರೆದಿಡುವ ದಾಖಲೆ) ಬೇರೆ ಯಂತ್ರದಲ್ಲಿ, ಕನಿಷ್ಠ ಒಂದು ವರ್ಷ ಇಡಿ.

ಆಪರೇಟರ್ "ಏನೋ ಸರಿಯಿಲ್ಲ ಸರ್" ಅಂದರೆ ಅದೂ ಎಚ್ಚರಿಕೆಯೇ. ಹಾಗೆ ಹೇಳಿದ್ದಕ್ಕೆ ಯಾರನ್ನೂ ಬೈಯಬೇಡಿ, ಸುಳ್ಳು ಎಚ್ಚರಿಕೆ ಆದರೂ.

ಹೆಜ್ಜೆ 9: ದಾಳಿಯಾದ ದಿನ

ಮೊದಲ ಮಾತು: ಜನರ ಸುರಕ್ಷತೆ. ಅನುಮಾನ ಬಂದ ಘಟಕವನ್ನು ಲೋಕಲ್‌ಗೆ ಹಾಕಿ, ಅಲ್ಲಿಗೆ ಮನುಷ್ಯರನ್ನು ಕಳಿಸಿ. ಆಮೇಲೆ ಹೊರಗಿನ ಸಂಪರ್ಕ ಕತ್ತರಿಸಿ. ಯಾವ ಕೇಬಲ್ ಕೀಳಬೇಕು ಎಂದು ಮೊದಲೇ ಕೆಂಪು ಟೇಪ್ ಸುತ್ತಿ ಗುರುತು ಹಾಕಿರಿ. ಕೀಳುವ ಅಧಿಕಾರ ಶಿಫ್ಟ್ ಇನ್‌ಚಾರ್ಜ್‌ಗೇ ಇರಲಿ. ರಾತ್ರಿ ಮೂರು ಗಂಟೆಗೆ ಮೇಲಿನವರ ಅನುಮತಿಗೆ ಕಾಯುತ್ತಾ ಕೂರುವಂತೆ ಆಗಬಾರದು. ಸೋಂಕಿದ ಕಂಪ್ಯೂಟರನ್ನು ನೆಟ್‌ವರ್ಕ್‌ನಿಂದ ಬಿಡಿಸಿ, ಆದರೆ ಆಫ್ ಮಾಡಬೇಡಿ. ಮೆಮೊರಿಯಲ್ಲಿ ಸಾಕ್ಷ್ಯ ಇರುತ್ತದೆ. ನೆಟ್‌ವರ್ಕ್‌ನಿಂದ ಬಿಡಿಸಲು ಸಾಧ್ಯವೇ ಇಲ್ಲದಿದ್ದರೆ ಮಾತ್ರ ಆಫ್ ಮಾಡಿ.

ಫೋನ್ ನಂಬರ್‌ಗಳು ಕಾಗದದಲ್ಲಿ, ಗೋಡೆಯ ಮೇಲೆ ಇರಲಿ. ಯಂತ್ರ ಪೂರೈಕೆದಾರರು, ಫೊರೆನ್ಸಿಕ್ ತಂಡ (ದಾಳಿಯ ಸಾಕ್ಷ್ಯ ಹುಡುಕುವವರು), ವಕೀಲರು, ಪೊಲೀಸ್ ಸೈಬರ್ ಘಟಕ, ರಾಷ್ಟ್ರೀಯ ಸರ್ಟ್ (ಸೈಬರ್ ದಾಳಿಗೆ ಸ್ಪಂದಿಸುವ) ತಂಡ. ದಾಳಿಯ ದಿನ ಫೊರೆನ್ಸಿಕ್ ತಂಡ ಹುಡುಕುತ್ತಾ ಕೂರುವುದು ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಒಪ್ಪಂದ ಮೊದಲೇ ಆಗಿರಲಿ. ಮಾತಾಡಲು ಕಚೇರಿಯ ಇಮೇಲ್ ಬಳಸಬೇಡಿ, ದಾಳಿಕೋರರು ಅದನ್ನೂ ಓದುತ್ತಿರಬಹುದು. ಉಕ್ರೇನ್‌ನಲ್ಲಿ ಗ್ರಾಹಕರ ಕಾಲ್ ಸೆಂಟರ್‌ಗೆ ಸುಳ್ಳು ಕರೆಗಳ ಸುರಿಮಳೆ ಮಾಡಿ ನಿಜವಾದ ದೂರು ಬರದಂತೆ ಮಾಡಿದ್ದರು. ಕಂಟ್ರೋಲ್ ರೂಮಿನ ಯುಪಿಎಸ್ ಕೂಡ ಕೆಡಿಸಿದ್ದರು. ಜನರಿಗೆ ತಿಳಿಸಲು ರೇಡಿಯೋ, ಧ್ವನಿವರ್ಧಕ, ಏನಾದರೂ ಎರಡನೇ ದಾರಿ ಇರಲಿ.

ವರದಿ ಮಾಡುವ ಗಡುವು ದೇಶದಿಂದ ದೇಶಕ್ಕೆ ಬೇರೆ. ಭಾರತದಲ್ಲಿ ಸರ್ಟ್-ಇನ್‌ನ 2022ರ ನಿರ್ದೇಶನದಂತೆ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು. ಯುರೋಪಿಯನ್ ಒಕ್ಕೂಟದ ಎನ್‌ಐಎಸ್2 ನಿಯಮದಲ್ಲಿ ಮೊದಲ ಎಚ್ಚರಿಕೆ 24 ಗಂಟೆಯೊಳಗೆ, ವಿವರ 72 ಗಂಟೆಯೊಳಗೆ, ಅಂತಿಮ ವರದಿ ಒಂದು ತಿಂಗಳಲ್ಲಿ. ಖಾಲಿ ನಮೂನೆಯನ್ನು ಈಗಲೇ ಮುದ್ರಿಸಿಡಿ.

ಸುಲಿಗೆ ಹಣದ ಬಗ್ಗೆ ನನ್ನ ಅಭಿಪ್ರಾಯ ನೇರ: ಕೊಡಬೇಡಿ. ಕಲೋನಿಯಲ್ 75 ಬಿಟ್‌ಕಾಯಿನ್, ಆಗಿನ ಲೆಕ್ಕದಲ್ಲಿ ಸುಮಾರು 44 ಲಕ್ಷ ಡಾಲರ್ ಕೊಟ್ಟಿತು. ಬದಲಿಗೆ ಸಿಕ್ಕ, ಫೈಲುಗಳ ಬೀಗ ಬಿಡಿಸುವ ಸಾಧನ ಎಷ್ಟು ನಿಧಾನವಾಗಿತ್ತೆಂದರೆ ಕಂಪನಿ ತನ್ನ ಬ್ಯಾಕಪ್‌ಗಳನ್ನೇ ಬಳಸಬೇಕಾಯಿತು. ಐರ್ಲೆಂಡ್‌ಗೆ ದಾಳಿಕೋರರು ಕೀಯನ್ನು ಪುಕ್ಕಟೆ ಕೊಟ್ಟರೂ ಎಲ್ಲಾ ಸರ್ವರ್ ಸರಿಯಾಗಲು ಸೆಪ್ಟೆಂಬರ್ ಬಂತು.

ಹೆಜ್ಜೆ 10: ಒಬ್ಬರಿಂದ ಆಗದ್ದು

ಡೆನ್ಮಾರ್ಕ್‌ನ ಕಥೆಗೆ ಇನ್ನೊಂದು ಅರ್ಧ ಇದೆ. ಅಲ್ಲಿನ ಕಂಪನಿಗಳು ಸೇರಿ ಸೆಕ್ಟರ್‌ಸರ್ಟ್ ಎಂಬ ತಂಡ ಕಟ್ಟಿಕೊಂಡಿವೆ. ಎಲ್ಲರ ಜಾಲದಲ್ಲೂ ಅದರ ಸೆನ್ಸರ್‌ಗಳಿವೆ. ಒಂದೇ ಕಂಪನಿಯಲ್ಲಿ ನೋಡಿದರೆ ಸಣ್ಣ ಗಲಾಟೆಯಂತೆ ಕಾಣುವುದು, 16 ಕಂಪನಿಗಳ ಮೇಲೆ ಒಂದೇ ದಿನ ಬಂದಾಗ ಅದು ಯೋಜಿತ ದಾಳಿ ಎಂದು ಅವರಿಗೆ ತಿಳಿಯಿತು. ಕೆಲವು ಕಂಪನಿಗಳು ಇಂಟರ್ನೆಟ್ ಕಿತ್ತು ದ್ವೀಪದಂತೆ ನಡೆದವು.

ಎಸ್ಟೋನಿಯಾ 2007ರಲ್ಲಿ ಪಾಠ ಕಲಿತ ದೇಶ. ಸರ್ಕಾರ, ಬ್ಯಾಂಕ್, ಪತ್ರಿಕೆಗಳ ವೆಬ್‌ಸೈಟ್‌ಗಳ ಮೇಲೆ ವಾರಗಟ್ಟಲೆ ದಾಳಿ ನಡೆಯಿತು. 2008ರಲ್ಲಿ ಟ್ಯಾಲಿನ್‌ನಲ್ಲಿ ನೇಟೋದ ಸೈಬರ್ ರಕ್ಷಣಾ ಕೇಂದ್ರ ಬಂತು. 2010ರಿಂದ ಅದು ಲಾಕ್ಡ್ ಶೀಲ್ಡ್ಸ್ ಎಂಬ ಕವಾಯತು ನಡೆಸುತ್ತಿದೆ. ಖಾಸಗಿ ಕಂಪನಿಗಳ ಪರಿಣತರು ಸ್ವಯಂಸೇವಕರಾಗಿ ಸೇರುವ ಸೈಬರ್ ಘಟಕ ಅಲ್ಲಿದೆ. ದೇಶದ ಮುಖ್ಯ ದಾಖಲೆಗಳ ಪ್ರತಿಯನ್ನು ಲಕ್ಸೆಂಬರ್ಗ್‌ನಲ್ಲಿ, ರಾಯಭಾರ ಕಚೇರಿಗೆ ಇರುವಂಥ ರಕ್ಷಣೆಯಲ್ಲಿ ಇಟ್ಟಿದ್ದಾರೆ. ಕೋಸ್ಟರಿಕಾ ಇನ್ನೊಂದು ತುದಿ: 2022ರ ಏಪ್ರಿಲ್‌ನಲ್ಲಿ ಹಣಕಾಸು ಸಚಿವಾಲಯದಿಂದ ಶುರುವಾದ ರಾನ್ಸಮ್‌ವೇರ್ ದಾಳಿಗೆ ತೆರಿಗೆ, ಕಸ್ಟಮ್ಸ್ ವ್ಯವಸ್ಥೆಗಳು ನಿಂತವು, ಮೇ 8ರಂದು ರಾಷ್ಟ್ರೀಯ ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು.

ಸರ್ಕಾರ ಮಾಡುವುದನ್ನು ಸರ್ಕಾರ ಮಾಡಲಿ. ನಿಮ್ಮ ಮಟ್ಟದಲ್ಲಿ ಆಗುವುದೂ ಇದೆ. ನಿಮ್ಮ ಕ್ಷೇತ್ರದ ಮಾಹಿತಿ ಹಂಚಿಕೆ ತಂಡ ಇದ್ದರೆ ಸೇರಿ. ಇಲ್ಲದಿದ್ದರೆ ಸುತ್ತಮುತ್ತಲಿನ ನಾಲ್ಕೈದು ಸಂಸ್ಥೆಗಳ ಎಂಜಿನಿಯರ್‌ಗಳು ತಿಂಗಳಿಗೊಮ್ಮೆ ಕೂತು ಮಾತಾಡಿದರೂ ಆಯಿತು. ಯಾರಿಗಾದರೂ ವಿಚಿತ್ರ ಇಮೇಲ್ ಬಂದರೆ, ಅಪರಿಚಿತ ಲಾಗಿನ್ ಕಂಡರೆ, ಅದೇ ದಿನ ಉಳಿದವರಿಗೆ ಹೇಳುವ ರೂಢಿ ಆಗಲಿ. ನಾಚಿಕೆ ಎಂದು ಮುಚ್ಚಿಟ್ಟರೆ ಮುಂದಿನ ಸಂಸ್ಥೆಯೂ ಅದೇ ದಾರಿಯಲ್ಲಿ ಬೀಳುತ್ತದೆ. ಬಿಡಿಭಾಗ, ಜನರೇಟರ್, ಅನುಭವಿ ಸಿಬ್ಬಂದಿಯನ್ನು ತುರ್ತಿಗೆ ಎರವಲು ಕೊಡುವ ಒಪ್ಪಂದವನ್ನು ಕಾಗದದ ಮೇಲೆ ಮಾಡಿಕೊಳ್ಳಿ. ನಿಮ್ಮ ಮುಂದಿನ ಮ್ಯಾನುವಲ್ ಡ್ರಿಲ್‌ಗೆ ಪಕ್ಕದ ಸಂಸ್ಥೆಯ ಇಬ್ಬರನ್ನು ನೋಡಲು ಕರೆಯಿರಿ. ನಿಮ್ಮವರಿಗೆ ಕಾಣದ ತಪ್ಪು ಅವರಿಗೆ ಮೊದಲ ಹತ್ತು ನಿಮಿಷದಲ್ಲೇ ಕಾಣುತ್ತದೆ.